ಓದುಗರ ಪ್ರಶ್ನೆ, ನಮ್ಮ ಉತ್ತರ: ಭೂಮಣ್ಣಿ ಬುಟ್ಟಿ, ಕಿನ್ನಾಳದ ಗರುಡ, ತೊಗಲುಗೊಂಬೆ

ಪ್ರಶ್ನೆ: ನನ್ನ ತವರು ಮಂಡ್ಯ, ಮದುವೆಯಾಗಿ ಸೇರಿದ್ದು ಸಾಗರ ತಾಲ್ಲೂಕಿನ ದೀವರ ಸಮುದಾಯದ ಮನೆಗೆ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಇಷ್ಟು ವರ್ಷ ಅತ್ತೆಯವರೇ ಚಿತ್ತಾರ ಬರೆಯುತ್ತಿದ್ದರು. ಈಗ ಅವರ ಕೈ ನಡುಗುತ್ತದೆ. "ಈ ವರ್ಷದಿಂದ ನೀನೇ ಬರಿ" ಎಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಬಣ್ಣದಲ್ಲಿ ಬರೆದರೆ ಹತ್ತು ವರ್ಷ ಮಾಸುವುದಿಲ್ಲ ಎಂದು ಗೆಳತಿ ಹೇಳುತ್ತಾಳೆ. ಹಾಗೆ ಮಾಡಬಹುದೇ? ಗೆರೆಗಳ ಅರ್ಥ ತಿಳಿಯದೆ ಬರೆಯುವುದು ತಪ್ಪಾಗುತ್ತದೆಯೇ? — ಓದುಗರು, ಬೆಂಗಳೂರು

ಉತ್ತರ: ಅತ್ತೆಯವರು ನಿಮ್ಮ ಕೈಗೆ ಬುಟ್ಟಿಯನ್ನು ಕೊಟ್ಟರು ಎಂಬುದನ್ನು ಓದಿದಾಗಲೇ ಮನಸ್ಸು ತುಂಬಿತು. ಮಂಡ್ಯದ ಮಗಳೊಬ್ಬಳು ಮಲೆನಾಡಿನ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯಲು ಕೂರುತ್ತಾಳೆ ಎಂದರೆ, ಈ ಕಲೆ ಇನ್ನೊಂದು ತಲೆಮಾರಿಗೆ ದಾಟಿತು ಎಂದೇ ಅರ್ಥ.

ಮೊದಲು ಬಣ್ಣದ ವಿಷಯ. ದಯವಿಟ್ಟು ಅಕ್ರಿಲಿಕ್ ಬಳಸಬೇಡಿ. ಇದು ಕೇವಲ ಸಂಪ್ರದಾಯದ ಮೇಲಿನ ಅಭಿಮಾನದಿಂದ ಹೇಳುವ ಮಾತಲ್ಲ. ಈ ಬುಟ್ಟಿ ಪ್ರತಿ ವರ್ಷ ಹೊಸದಾಗಿ ಮೈದುಂಬಿಕೊಳ್ಳುವ ವಸ್ತು. ಬೆತ್ತದ ಅಥವಾ ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಅದು ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಆ ಕೆಂಪಿನ ಮೇಲೆ ನೆನೆಸಿ ನುಣ್ಣಗೆ ಅರೆದ ಅಕ್ಕಿಹಿಟ್ಟಿನಿಂದ ಬಿಳಿಯ ಗೆರೆಗಳನ್ನು ಎಳೆಯುತ್ತಾರೆ. ಮುಂದಿನ ವರ್ಷ ಹಳೆಯ ಮೈ ಉದುರಿ ಹೋಗಿ ಹೊಸ ಮಣ್ಣು ಕೂರಲು ಜಾಗ ಮಾಡಿಕೊಡಬೇಕು. ಅಕ್ರಿಲಿಕ್ ಬಣ್ಣ ಹೆಣಿಗೆಯ ಸಂದುಗಳನ್ನು ಮುಚ್ಚಿ ಪೊರೆಯಂತೆ ಗಟ್ಟಿಯಾಗುತ್ತದೆ; ಅದರ ಮೇಲೆ ಸಗಣಿಯಾಗಲಿ ಕೆಮ್ಮಣ್ಣಾಗಲಿ ಹಿಡಿಯುವುದಿಲ್ಲ. ಹತ್ತು ವರ್ಷ ಮಾಸದ ಚಿತ್ತಾರವೆಂದರೆ ಹತ್ತು ವರ್ಷ ಯಾರೂ ಬರೆಯದ ಚಿತ್ತಾರ. ನಿಮ್ಮ ಮಗಳು ಪಕ್ಕದಲ್ಲಿ ಕೂತು ನೋಡಿ ಕಲಿಯುವ ಹತ್ತು ಸಂಜೆಗಳು ಅಲ್ಲಿಗೆ ಇಲ್ಲವಾಗುತ್ತವೆ.

ಕುಂಚಕ್ಕೂ ಅಂಗಡಿಗೆ ಹೋಗಬೇಕಾಗಿಲ್ಲ. ಪುಂಡಿ ನಾರಿನ ತುದಿಯನ್ನು ಜಜ್ಜಿ ಎಳೆಎಳೆಯಾಗಿ ಬಿಡಿಸಿಕೊಂಡರೆ, ಅಂಗಡಿಯ ಕುಂಚಕ್ಕೆ ಸಾಧ್ಯವಾಗದಷ್ಟು ಸಣ್ಣ ಗೆರೆ ಬರುತ್ತದೆ. ಗೋಡೆಯ ಚಿತ್ತಾರಕ್ಕಾದರೆ ಕೆಮ್ಮಣ್ಣಿನ ಕೆಂಪು ಮತ್ತು ಅಕ್ಕಿಯ ಬಿಳುಪಿನ ಜೊತೆಗೆ, ಕಪ್ಪಗಾಗುವವರೆಗೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ ಸಿದ್ಧವಾಗುತ್ತದೆ. ಬುಟ್ಟಿಗೆ ಮುಖ್ಯವಾಗಿ ಬೇಕಾದದ್ದು ಕೆಂಪು ನೆಲ, ಬಿಳಿ ಗೆರೆ. ಹಿಟ್ಟು ತೀರ ತೆಳ್ಳಗಾದರೆ ಗೆರೆ ಒಣಗಿದ ಮೇಲೆ ಮಂಕಾಗುತ್ತದೆ; ದಪ್ಪವಾದರೆ ಸಿಪ್ಪೆಯಂತೆ ಏಳುತ್ತದೆ. ನಾರಿನ ತುದಿಯಿಂದ ಹಾಲಿನ ಹನಿಯಂತೆ ತಡೆದು ಬೀಳುವ ಹದ ಸರಿಯಾದದ್ದು. ಅತ್ತೆಯವರ ಕೈ ನಡುಗಿದರೂ ಹದ ನೋಡುವ ಅವರ ಕಣ್ಣು ನಡುಗುವುದಿಲ್ಲ. ಬಟ್ಟಲನ್ನು ಅವರ ಮುಂದೆಯೇ ಹಿಡಿಯಿರಿ.

ಇನ್ನು ಅರ್ಥದ ಪ್ರಶ್ನೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಭತ್ತದ ಪೈರು ತೆನೆಯನ್ನು ಒಡಲಲ್ಲಿಟ್ಟುಕೊಂಡು ಹೊಡೆ ತುಂಬಿ ನಿಂತಿರುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ತೀರಿಸುವುದು ನಮ್ಮ ಮನೆಗಳ ರೂಢಿ; ಇಲ್ಲಿ ಬಯಕೆ ತೀರಿಸಿಕೊಳ್ಳುವವಳು ಗದ್ದೆ. ಹಿಂದಿನ ರಾತ್ರಿಯಿಡೀ ಹೆಂಗಸರು ಮಡಿಯಲ್ಲಿ ಅಡುಗೆ ಮಾಡುತ್ತಾರೆ. ಬೇಲಿಯಲ್ಲಿ, ಗುಡ್ಡದಲ್ಲಿ ಹುಡುಕಿ ತಂದ ಹತ್ತಾರು ಬಗೆಯ ಬೆರಕೆ ಸೊಪ್ಪು ಬೇಯುತ್ತದೆ. ನಸುಕಿನಲ್ಲೇ ಈ ಅಡುಗೆಯನ್ನು ಹೊತ್ತು ಗದ್ದೆಗೆ ಹೋಗಿ, ಅದನ್ನು ಪೈರಿನ ನಡುವೆ ಚರಗವೆಂದು ಬೀರುತ್ತಾ, ಭೂಮ್ತಾಯಿ ಬಂದು ಉಂಡು ಹೋಗಲಿ ಎಂದು ಕೂಗಿ ಕರೆಯುತ್ತಾರೆ. ಆ ಊಟವನ್ನು ಹೊರುವ ಪಾತ್ರೆಯೇ ನಿಮ್ಮ ಕೈಯಲ್ಲಿರುವ ಬುಟ್ಟಿ. ಹೀಗಾಗಿ ಅದರ ಮೇಲಿನ ಭತ್ತದ ಸಸಿ, ಬಳ್ಳಿ, ಏಣಿ, ಎತ್ತಿನ ಗಾಡಿ ಇವು ಬರಿಯ ಅಲಂಕಾರವಲ್ಲ, ತಾಯಿಯ ಮುಂದೆ ಇಟ್ಟ ಕೋರಿಕೆ ಎಂದೇ ನಾನು ತಿಳಿದಿದ್ದೇನೆ: ಸಸಿ ತೆನೆಯಾಗಲಿ, ತೆನೆ ಗಾಡಿ ಏರಲಿ, ಗಾಡಿ ಮನೆ ಸೇರಲಿ. ಎಳೆ, ನಿಲಿ, ಮೂಲೆ ಆರತಿ, ಜೋಗಿ ಜಡೆ ಎಂದು ಒಂದೊಂದು ವಿನ್ಯಾಸಕ್ಕೂ ಹೆಸರಿದೆ. ಈ ಹೆಸರುಗಳನ್ನು ಅತ್ತೆಯವರ ಬಾಯಿಂದಲೇ ಕೇಳಿ, ಪಕ್ಕದಲ್ಲಿ ಚಿತ್ರ ಬಿಡಿಸಿ ಬರೆದಿಟ್ಟುಕೊಳ್ಳಿ. ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಹೆಸರು ಬದಲಾಗುವುದರಿಂದ ನಿಮ್ಮ ಮನೆಯ ಹೆಸರೇ ನಿಮಗೆ ಸರಿ. ಅರ್ಥ ಪೂರ್ತಿ ತಿಳಿದ ಮೇಲೆಯೇ ಬರೆಯುತ್ತೇನೆ ಎಂದು ಕಾಯಬೇಡಿ. ನಿಮ್ಮ ಅತ್ತೆಯವರೂ ಮೊದಲು ಕೈಯಿಂದ ಕಲಿತು, ಅರ್ಥವನ್ನು ಆಮೇಲೆ ತಿಳಿದುಕೊಂಡವರೇ ಇರಬೇಕು.

ವಿಜಯದಶಮಿ ಕಳೆದು ಹುಣ್ಣಿಮೆಗೆ ಐದು ದಿನವಷ್ಟೇ ಇರುತ್ತದೆ. ಸಗಣಿ, ಕೆಮ್ಮಣ್ಣು ಎರಡೂ ಒಣಗಬೇಕಾದ್ದರಿಂದ ಬೆಂಗಳೂರಿನಿಂದ ಹೊರಡುವ ದಿನವನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ತಾತನ ಕಾಲದ ಕಿನ್ನಾಳದ ಗರುಡ ಮೂರ್ತಿ ನಮ್ಮ ದೇವರ ಮನೆಯಲ್ಲಿದೆ. ಎಣ್ಣೆ, ಹೊಗೆ ಹಿಡಿದು ಕಪ್ಪಾಗಿದೆ. ಒಂದು ರೆಕ್ಕೆಯ ಬಣ್ಣ ಎದ್ದಿದೆ. ಹೇಗೆ ಶುಚಿಗೊಳಿಸಬೇಕು? ದೇವರ ಮೂರ್ತಿಗೆ ಹೊಸ ಬಣ್ಣ ಹಚ್ಚಿಸಿದರೆ ದೋಷವೇ? — ಓದುಗರು, ಹುಬ್ಬಳ್ಳಿ

ಉತ್ತರ: ನೀರು ಮುಟ್ಟಿಸಬೇಡಿ. ಇದನ್ನು ನಾನು ನೋವಿನಿಂದ ಕಲಿತಿದ್ದೇನೆ. ಚಿಕ್ಕಂದಿನಲ್ಲಿ ಹಬ್ಬದ ಹಿಂದಿನ ದಿನ ಮನೆಯ ಹಳೆಯ ಗೊಂಬೆಯೊಂದನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆಯನ್ನು ತೆಗೆದು ನೋಡಿದರೆ ಗೊಂಬೆಯ ಎಡಗಣ್ಣು ಬಟ್ಟೆಗೆ ಅಂಟಿಕೊಂಡು ಬಂದಿತ್ತು. ಅಜ್ಜಿ ಬಯ್ಯಲಿಲ್ಲ, ಆ ಬಟ್ಟೆಯನ್ನು ಮಾತ್ರ ಬಹಳ ದಿನ ತೊಳೆಯದೆ ಹಾಗೆಯೇ ಎತ್ತಿಟ್ಟಿದ್ದರು.

ಕಾರಣ ಮೂರ್ತಿಯ ಒಳಗೇ ಇದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮೆದು ಮರದ ತುಂಡುಗಳನ್ನು ಕೆತ್ತಿ ಜೋಡಿಸಿ, ಸಂದುಗಳಿಗೆ 'ಕಿಟ್ಟ' ತುಂಬುತ್ತಾರೆ. ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು ಕಿಟ್ಟ. ಅದರ ಮೇಲೆ ಅದೇ ಅಂಟಿನಿಂದ ಹತ್ತಿ ಬಟ್ಟೆಯ ಚೂರುಗಳನ್ನು ಅಂಟಿಸಿ, ಬಿಳಿಗಲ್ಲಿನ ಪುಡಿಯ ಲೇಪ ಕೊಟ್ಟು, ಕೊನೆಗೆ ಬಣ್ಣ ಹಚ್ಚುತ್ತಾರೆ. ಒಡವೆಗಳು ಉಬ್ಬಿ ಕಾಣುವಂತೆ ಮಾಡುವುದೂ ಕಲ್ಲುಪುಡಿ ಮತ್ತು ಅಂಟಿನ ಲೇಪದಿಂದಲೇ. ಹುಣಸೆ ಬೀಜದ ಅಂಟು ನೀರು ತಾಗಿದರೆ ಬಿಡುತ್ತದೆ. ಅಂಟು ಬಿಟ್ಟರೆ ಮೇಲಿನ ಪದರಗಳೆಲ್ಲ ಒಂದಾಗಿ ಏಳುತ್ತವೆ. ಆದ್ದರಿಂದ ಒಣಗಿದ, ಬಹಳ ಮೆತ್ತನೆಯ ಬ್ರಷ್‌ನಿಂದ ದೂಳನ್ನು ತೆಗೆದು ಅಷ್ಟಕ್ಕೇ ಬಿಡಿ. ಹೊಗೆಯ ಕಪ್ಪನ್ನು ಉಜ್ಜಿ ತೆಗೆಯಲು ಹೋಗಬೇಡಿ. ಮೂರ್ತಿಯನ್ನು ದೀಪದಿಂದ ಎರಡು ಮೊಳ ದೂರಕ್ಕೆ ಸರಿಸಿ; ಬಿಸಿಲಿಗೂ ಇಡಬೇಡಿ. ಪೀಠದ ಕೆಳಗೆ ಸಣ್ಣ ಹುಡಿ ಬಿದ್ದಿದ್ದರೆ ಮರಕ್ಕೆ ಹುಳು ಹಿಡಿದಿದೆ ಎಂದು ತಿಳಿದು ತಡಮಾಡದೆ ಬಲ್ಲವರಿಗೆ ತೋರಿಸಿ.

ಎದ್ದ ರೆಕ್ಕೆಗೆ ಅಂಗಡಿಯ ಗಟ್ಟಿ ಅಂಟು ಹಾಕಿದರೆ, ಅದು ಬಿಗಿದುಕೊಂಡು ಪಕ್ಕದ ಹಳೆಯ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ರೈಲಿದೆ, ಅಲ್ಲಿಂದ ಕಿನ್ನಾಳ ಹತ್ತಿರ. ಮೂರ್ತಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಗೇ ಹೋಗಿ, ಅದೇ ಅಂಟು, ಅದೇ ಲೇಪ ಬಲ್ಲ ಕೈಗಳಿಗೆ ಒಪ್ಪಿಸಿ. ಹಂಪಿಯ ವಿರೂಪಾಕ್ಷ ದೇವಾಲಯದ ಛಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೇ ಎಂಬ ನಂಬಿಕೆ ಅಲ್ಲಿನ ಮನೆತನಗಳಲ್ಲಿದೆ.

ದೋಷದ ಭಯ ಬೇಡ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ದ್ಯಾಮವ್ವನ ಜಾತ್ರೆಗೆ ಮುನ್ನ ಮರದ ಮೂರ್ತಿಗೆ ಹೊಸದಾಗಿ ಬಣ್ಣ ಮಾಡಿಸುವುದೇ ಪದ್ಧತಿ. ಬಣ್ಣ ಮುಗಿದ ಮೇಲೆ ದೇವಿಗೆ ಮತ್ತೆ ಪೂಜೆ ಸಲ್ಲುತ್ತದೆ. ಆದರೆ ನಿಮ್ಮ ಗರುಡನಿಗೆ ಪೂರ್ತಿ ಹೊಸ ಬಣ್ಣ ಬೇಡವೆಂಬುದು ನನ್ನ ಸಲಹೆ. ರೆಕ್ಕೆಯನ್ನು ಮಾತ್ರ ಸರಿಪಡಿಸಿ. ತಾತ ಕೈಮುಗಿದ ಮುಖ ಹಾಗೆಯೇ ಇರಲಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮಕ್ಕಳಿಗೆ ಹಸೆ ಚಿತ್ತಾರ ಕಲಿಸಬೇಕೆಂದಿದ್ದೇನೆ. ಮದುವೆಗೆ ಬರೆಯುವ ಪವಿತ್ರ ಚಿತ್ರವನ್ನು ತರಗತಿಯಲ್ಲಿ ಬರೆಸುವುದು ಸರಿಯೇ? — ಓದುಗರು, ಮೈಸೂರು

ಉತ್ತರ: ಖಂಡಿತ ಬರೆಸಿ. ಇದು ದೀವರ ಹೆಣ್ಣುಮಕ್ಕಳ ಕಲೆ, ವಧೂವರರನ್ನು ಹಸೆಗೆ ಕೂರಿಸುವಾಗ ಅವರ ಹಿಂದಿನ ಗೋಡೆಯ ಮೇಲೆ ಇರುವಂಥದ್ದು ಎಂಬುದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿ. ಸಾಧ್ಯವಾದರೆ ಸಾಗರ ಅಥವಾ ಸೊರಬದ ಕಡೆಯ ಕಲಾವಿದೆಯೊಬ್ಬರನ್ನು ತಕ್ಕ ಸಂಭಾವನೆ ಕೊಟ್ಟು ಕರೆಸಿ. ಅವರು ಬರೆಯುತ್ತಾ ಹಾಡುವ ಹಾಡನ್ನೂ ಮಕ್ಕಳು ಕೇಳಲಿ.

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿದ್ದೇವೆ. ಊರಿಗೆ ಬಂದಾಗ ಹಳೆಯ ತೊಗಲುಗೊಂಬೆಯೊಂದನ್ನು ಕೊಂಡು ತಂದು ಬೈಠಕ್ ಖಾನೆಯ ಗೋಡೆಗೆ ಚೌಕಟ್ಟು ಹಾಕಿಸಬೇಕೆಂಬ ಆಸೆ. ಏನನ್ನು ಗಮನಿಸಬೇಕು? — ಓದುಗರು, ನ್ಯೂಜೆರ್ಸಿ

ಉತ್ತರ: ಹಳೆಯದು ಬೇಡ, ಹೊಸದನ್ನು ಮಾಡಿಸಿಕೊಳ್ಳಿ. ಹಿಂದೆ ದೇವರ ಪಾತ್ರಗಳಿಗೆ ಜಿಂಕೆಯ ಚರ್ಮ ಬಳಸುತ್ತಿದ್ದದ್ದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಂಥ ಚರ್ಮದ ವಸ್ತುವಿನ ಮಾರಾಟ ಅಪರಾಧ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದನ್ನು ಅದೇ ವರ್ಷದ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸಿದೆ. ಕಾನೂನಿಗಿಂತ ನನ್ನ ಮನಸ್ಸಿಗೆ ಹೆಚ್ಚು ಭಾರವೆನಿಸುವುದು ಇನ್ನೊಂದು ಮಾತು. ತೊಗಲುಗೊಂಬೆ ಆಟ ಆಡಿಸುವ ಮನೆತನವೊಂದು ತನ್ನ ಹಳೆಯ ಗೊಂಬೆಯನ್ನು ಮಾರುತ್ತಿದೆಯೆಂದರೆ ಆ ಮನೆಯಲ್ಲಿ ಆಟ ನಿಲ್ಲುತ್ತಿದೆ ಎಂದರ್ಥ. ನೀವು ಕೊಡುವ ಹಣ ಆಟವನ್ನು ಮುಂದುವರಿಸುವ ಕೈಗೆ ಸೇರಲಿ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದ ಮೇಲೆ ಈ ಕಲೆಯ ಹೆಸರು ದೂರದವರೆಗೂ ಕೇಳಿಸಿದೆ. ಹೆಸರಿನ ಹಿಂದೆಯೇ ಕೆಲಸವೂ ಬಂದರೆ ಒಳ್ಳೆಯದು.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಆಡಿನ ಚರ್ಮ. ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು ಒಣಗಿಸಿ, ಚಿತ್ರ ಬರೆದು, ಒಡವೆ, ಸೀರೆಯ ಅಂಚು ಎಲ್ಲವನ್ನೂ ಸಣ್ಣ ಉಳಿಗಳಿಂದ ತೂತು ಕೊರೆದೇ ಮೂಡಿಸುತ್ತಾರೆ. ಎರಡೂ ಬದಿಗೆ ಬಣ್ಣವಿರುತ್ತದೆ. ಇಂಥ ಗೊಂಬೆಯನ್ನು ಗೋಡೆಗೆ ಒತ್ತಿ ಚೌಕಟ್ಟು ಹಾಕಿದರೆ ಅದು ಕಣ್ಣು ಮುಚ್ಚಿದಂತೆ. ಗೋಡೆಯಿಂದ ಒಂದು ಗೇಣು ಮುಂದೆ, ಹಿಂದಿನಿಂದ ಬಿಸಿಯಾಗದ ಮಂದ ಬೆಳಕು ಬೀಳುವಂತೆ ತೂಗುಹಾಕಿ. ಕೊರೆದ ಒಂದೊಂದು ತೂತೂ ಆಗ ಮುತ್ತಾಗುತ್ತದೆ. ನಿಮ್ಮಲ್ಲಿ ಚಳಿಗಾಲದ ಹೀಟರ್ ಗಾಳಿಗೆ ಚರ್ಮ ಸುರುಳಿಕೊಳ್ಳುತ್ತದೆ. ಅದರಿಂದ ದೂರವಿಡಿ; ಊರಿಗೆ ಹೊರಡುವಾಗ ಎರಡು ಹತ್ತಿ ಬಟ್ಟೆಗಳ ನಡುವೆ ಚಪ್ಪಟೆಯಾಗಿ ಮಲಗಿಸಿ, ಮೇಲೊಂದು ಹಲಗೆ ಇಟ್ಟು ಹೋಗಿ.

ಯಾವ ಪಾತ್ರ ಮಾಡಿಸಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾಮ, ಕೃಷ್ಣರನ್ನು ಎಲ್ಲರೂ ಕೇಳುತ್ತಾರೆ. ನೀವು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಇಬ್ಬರನ್ನೂ ಜೋಡಿಯಾಗಿ ಮಾಡಿಸಿ. ಆಟದಲ್ಲಿ ಜನರನ್ನು ನಗಿಸುತ್ತಾ, ಊರಿನ ಸುದ್ದಿಯನ್ನು ಪರದೆಯ ಮೇಲೆ ತರುವವರು ಇವರೇ. ಗೊಂಬೆ ಮಾಡುವವರ ಪಕ್ಕ ಒಂದು ಸಂಜೆ ಕೂತು ಅವರಿಬ್ಬರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನ್ಯೂಜೆರ್ಸಿಯ ಮಕ್ಕಳು ಗೊಂಬೆಯನ್ನು ನೋಡುವಾಗ ಅದು ಕನ್ನಡ ಮಾತಾಡುವುದನ್ನೂ ಕೇಳಬೇಕು.