ಹಳೇ ಹೋಂಡಾ ಸಿಟಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಅಳೆದು ತೆಗೀರಿ, ಅಳೆದೇ ಹಾಕಿ

ಸರ್, 2011ರ ಸಿಟಿ ಆಟೋಮ್ಯಾಟಿಕ್ ಸೆಕೆಂಡ್ ಹ್ಯಾಂಡ್ ತಗೊಂಡಿದೀನಿ, ತೊಂಬತ್ತು ಸಾವಿರ ಓಡಿದೆ, ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದಾರೋ ಗೊತ್ತಿಲ್ಲ, ಗ್ಯಾರೇಜಲ್ಲಿ ಮಷಿನ್ ಫ್ಲಶ್ ಮಾಡಿಸಿ ಅಂತಿದಾರೆ, ಮನೇಲೇ ಆಗುತ್ತಾ ಅಂತ ಕೇಳಿದ್ರಿ. ಆಗುತ್ತೆ. ಅದೇ ಗೇರ್‌ಬಾಕ್ಸ್ ಇರೋ ನನ್ನ ಗಾಡಿಗೆ ನಾನೇ ಮಾಡ್ಕೋತೀನಿ.

ಬೇರೆ ಗಾಡಿಯವರು ಇದನ್ನ ಓದಿ ಸ್ಪ್ಯಾನರ್ ಎತ್ಕೋಬೇಡಿ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಜಾತಿ ಅಲ್ಲ. ಸೆಲೆರಿಯೋ ಎಎಂಟಿ ಒಳಗಿರೋದು ಮಾಮೂಲಿ ಮ್ಯಾನುವಲ್ ಡಬ್ಬಾನೇ. 2014ರ ಸಿಟಿ ಪೆಟ್ರೋಲ್ ಆಟೋಮ್ಯಾಟಿಕ್ ಸಿವಿಟಿ, ಅಂದ್ರೆ ಗೇರ್ ಚಕ್ರಗಳ ಬದಲು ಬೆಲ್ಟ್ ಮೇಲೆ ನಡೆಯೋದು, ಅದರ ಆಯಿಲೇ ಬೇರೆ. ನಿಮ್ಮದು ಟಾರ್ಕ್ ಕನ್ವರ್ಟರಿನ (ಎಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಐದು ಗೇರಿಂದು. ಇದಕ್ಕೆ ಹೋಂಡಾ ಡಿಡಬ್ಲ್ಯೂ-1 ಅನ್ನೋ ಆಯಿಲ್. ಎಲ್ಲಾದ್ರೂ ಝಡ್-1 ಅಂತ ಕಂಡ್ರೆ ಗಾಬರಿ ಬೇಡ, ಅದರ ಜಾಗಕ್ಕೆ ಬಂದಿರೋದೇ ಡಿಡಬ್ಲ್ಯೂ-1.

ಮಷಿನ್ನಿಂದ ಹಳೇ ಆಯಿಲನ್ನೆಲ್ಲ ಒಂದೇ ಸಲಕ್ಕೆ ತಳ್ಳಿ ತೆಗೆಯೋ ಫ್ಲಶ್ ನನಗೆ ಇಷ್ಟ ಇಲ್ಲ. ಆಯಿಲ್ ಇಳಿಸೋ ಡ್ರೇನ್ ಬೋಲ್ಟ್ ಬಿಚ್ಚಿದ್ರೆ ಬರೋದು ಎರಡೂವರೆ ಲೀಟರ್ ಆಸುಪಾಸು, ಮಿಕ್ಕಿದ್ದು ಕನ್ವರ್ಟರ್ ಒಳಗೇ ಕೂತಿರುತ್ತೆ. ಹಾಗಾಗಿ ಕೆಲವು ನೂರು ಕಿಲೋಮೀಟರ್ ಓಡಿಸ್ತಾ ಮೂರು ಸಲ ಬದಲಾಯಿಸಿ. ಸಲಕ್ಕೆ ನೂರಕ್ಕೆ ನಲವತ್ತು ಭಾಗ ಹೋಗುತ್ತೆ ಅಂತ ಹಿಡಿದ್ರೂ ಮೂರನೇ ಸಲಕ್ಕೆ ಎಪ್ಪತ್ತೆಂಟು ಭಾಗ ಹೊಸದಾಗಿರುತ್ತೆ. ಅಷ್ಟು ಸಾಕು.

ಗಾಡಿ ಸ್ವಲ್ಪ ಓಡಿಸಿ ಬನ್ನಿ, ಆಯಿಲ್ ಉಗುರುಬೆಚ್ಚಗಿರಲಿ, ಕೈ ಸುಡುವಷ್ಟು ಬೇಡ. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಬರೀ ಜಾಕ್ ನಂಬ್ಕೊಂಡು ಕೆಳಗೆ ನುಗ್ಗೋದು, ಇಟ್ಟಿಗೆ ಜೋಡಿಸೋದು ಬೇಡವೇ ಬೇಡ. ಎತ್ತಿದ ಗಾಡಿಯ ಭಾರ ಹೊರೋ ಜಾಕ್ ಸ್ಟ್ಯಾಂಡ್ ಇಲ್ಲಾಂದ್ರೆ ಕೆಲಸ ಮುಂದಿನ ಭಾನುವಾರಕ್ಕೆ ಹಾಕಿ.

ಗೇರ್‌ಬಾಕ್ಸ್ ಎಡಗಡೆ. ಡ್ರೇನ್ ಬೋಲ್ಟ್ ತಲೆ ಮಧ್ಯೆ ಚೌಕ ತೂತು ಇರುತ್ತೆ, 3/8 ಇಂಚಿನ ರಾಚೆಟ್ ಸಾಕೆಟ್ ಇಲ್ಲದೇ ನೇರ ಕೂರುತ್ತೆ. ಆರು ಮೂಲೆಯ ಮಾಮೂಲಿ ಬೋಲ್ಟ್ ಕಂಡ್ರೆ ಅದು ಎಂಜಿನ್ ಆಯಿಲಿಂದು. ಎರಡನ್ನೂ ಅದಲುಬದಲು ಮಾಡಿ ತಲೆ ಮೇಲೆ ಕೈ ಹೊತ್ತವರು ಬೇಕಾದಷ್ಟು ಜನ. ಬಿಚ್ಚೋಕೆ ಮುಂಚೆ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಈಚೆ ಬರುತ್ತಾ ನೋಡ್ಕೊಳ್ಳಿ, ಆಯಿಲ್ ಹಾಕೋದು ಅದೇ ದಾರೀಲಿ.

ಹೊಸ ಆಯಿಲ್ ಕೋಕಂ ಶರಬತ್ತಿನ ಬಣ್ಣ. ನಿಮ್ಮದು ಕಾಫಿ ಡಿಕಾಕ್ಷನ್ ಥರ ಬರಬಹುದು. ಬೋಲ್ಟ್ ತುದಿಯ ಮ್ಯಾಗ್ನೆಟ್ ಬೆರಳಲ್ಲಿ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್, ಪೆನ್ಸಿಲ್ ಸೀಸ ಅರೆದ ಹಾಗಿದ್ರೆ ಸಹಜ ಸವೆತ. ಬೆರಳಿಗೆ ಚುಚ್ಚೋ ಚೂರು ಸಿಕ್ಕಿದ್ರೆ, ಇಲ್ಲಾ ಸುಟ್ಟ ವಾಸನೆ ಜೊತೆ ಗೇರ್ ಜಾರ್ತಾ ಇದ್ರೆ, ಆಯಿಲ್ ಬದಲಾಯಿಸಿದ್ರೆ ಸರಿಹೋಗಲ್ಲ, ತಿಳಿದವರಿಗೆ ತೋರಿಸಿ.

ಡ್ರೇನ್ ಬೋಲ್ಟಿನ ವಾಷರ್ ಹೊಸದೇ ಹಾಕಿ. ಚಿಲ್ಲರೆ ಕಾಸಿನ ಸಾಮಾನು ಅಂತ ಮೊದಲ ಸಲ ಹಳೇದನ್ನೇ ಹಾಕಿದ್ದೆ. ಬೆಳಗ್ಗೆ ರಂಗೋಲಿ ಹಾಕೋಕೆ ಬಂದ ಅಮ್ಮ, "ಅಂಗಳದಲ್ಲಿ ಕುಂಕುಮದ ನೀರು ಯಾರೋ ಚೆಲ್ಲಿದ್ದು?" ಅಂದ್ರು. ಬೋಲ್ಟ್ ಬಿಗಿಯೋ ಟಾರ್ಕ್ 49 ನ್ಯೂಟನ್ ಮೀಟರ್, ಪೈಪ್ ಸಿಕ್ಕಿಸಿ ಎಳೀಬೇಡಿ, ಗೇರ್‌ಬಾಕ್ಸಿನ ಹೊರ ಕವಚ ಅಲ್ಯೂಮಿನಿಯಂ.

ಈಗ ಮುಖ್ಯ ವಿಷಯ. ಇಳಿದ ಆಯಿಲನ್ನ ಹಳೇ ನೀರಿನ ಬಾಟ್ಲಿಗಳಿಗೆ ಸುರಿದು ಅಳೀರಿ, ಅಷ್ಟೇ ಹೊಸದು ಹಾಕಿ. ಉದ್ದ ಕೊಳವೆ ಇರೋ ಆಲಿಕೆ ಬೇಕು, ಅಡುಗೆಮನೇದು ಕದೀಬೇಡಿ. ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನ ಪಿ, ಆರ್, ಎನ್, ಡಿ ಒಂದೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ. ಆಮೇಲೆ ಗಾಡಿ ಕೆಳಗಿಳಿಸಿ, ರೇಡಿಯೇಟರ್ ಫ್ಯಾನ್ ತಿರುಗೋವರೆಗೂ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಒಂದರಿಂದ ಒಂದೂವರೆ ನಿಮಿಷದ ಒಳಗೆ ಡಿಪ್‌ಸ್ಟಿಕ್ ನೋಡಿ. ಎರಡು ಗುರುತಿನ ಮಧ್ಯೆ ಇರಬೇಕು. ತಣ್ಣಗಿದ್ದಾಗ ನೋಡಿ "ಕಡಿಮೆ ಇದೆ" ಅಂತ ಸುರಿದ್ರೆ ಆಮೇಲೆ ಹೊರಗೆ ತೆಗೆಯೋ ಫಜೀತಿ ನಿಮ್ಮದೇ.

ಹಳೇ ಆಯಿಲ್ ಬೇಲಿ ಕಂಬಕ್ಕೆ ಗೆದ್ದಲು ಬರಲ್ಲ ಅಂತ ಬಳಿಯೋ ರೂಢಿ ನಮ್ಮ ಕಡೆ ಇದೆ. ಬಾವಿ ಹತ್ತಿರ, ತೆಂಗಿನ ಬುಡದಲ್ಲಿ ಬೇಡ. ಕ್ಯಾನಿಗೆ ತುಂಬಿ, ವೇಸ್ಟ್ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ. ಮ್ಯಾಗ್ನೆಟ್ ಒರೆಸೋ ಮುಂಚೆ ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.