ಆಕ್ಸಲ್ ಜಾಯಿಂಟಿನ ಬೋಲ್ಟ್‌ಗಳು ಸಡಿಲಗೊಳ್ಳುವ ಕುರಿತು

ದೇವಿಮನೆ ಘಟ್ಟ ಇಳಿದು ಕುಮಟಾ ತಲುಪುವಷ್ಟರಲ್ಲಿ ನಿಮ್ಮ ಹಳೆಯ ಪೋರ್ಶೆ 911ರ ಹಿಂದಿನ ಆಕ್ಸಲ್ ಜಾಯಿಂಟಿನ (ಗೇರ್‌ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ದಂಡದ ಕೀಲಿನ) ಬೋಲ್ಟ್‌ಗಳು ಸಡಿಲಗೊಂಡಿದ್ದವೆಂದೂ, ತಂತಿ ಕಟ್ಟಿದರೆ ಸಾಕೇ ಎಂದೂ ಕೇಳಿದ್ದೀರಿ. ಸಾಲದು, ತಂತಿಯು ಬೋಲ್ಟ್ ಕಳಚಿ ಬೀಳದಂತೆ ತಡೆಯುತ್ತದೆಯೇ ಹೊರತು ಬಿಗಿತವನ್ನು ಕಾಯುವುದಿಲ್ಲ. ಜಾಯಿಂಟಿನಿಂದ ಒಸರಿದ ಗ್ರೀಸ್ ಫ್ಲ್ಯಾಂಜ್‌ಗಳ (ಬೋಲ್ಟ್‌ಗಳು ಒಂದಕ್ಕೊಂದು ಬಿಗಿದಿಡುವ ಚಪ್ಪಟೆ ಅಂಚುಗಳ) ನಡುವೆ ಸೇರಿದರೆ ಅವು ಒಂದರ ಮೇಲೊಂದು ಜಾರತೊಡಗಿ, ಬೋಲ್ಟ್‌ಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಫ್ಲ್ಯಾಂಜಿನ ಮುಖವನ್ನೂ ಥ್ರೆಡ್‌ಗಳನ್ನೂ ಥಿನ್ನರ್‌ನಿಂದ ಒರೆಸಿ ಪೂರ್ತಿ ಒಣಗಿಸಿ, ಹೊಸ ಬೋಲ್ಟ್‌ಗಳಿಗೆ ನೀಲಿ ಲಾಕ್‌ಟೈಟ್ 243 (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ಎದುರುಬದುರಾಗಿ, ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಬೋಲ್ಟ್ ತಲೆಯ ಗುಳಿಯಲ್ಲಿ ಕೂತ ಗ್ರೀಸನ್ನು ಮೊದಲೇ ಕೆದಕಿ ತೆಗೆಯಬೇಕು, ಇಲ್ಲವಾದರೆ ಅಲೆನ್ ಕೀ ಆಳಕ್ಕೆ ಕೂರದೆ ಜಾರಿ, ಗುಳಿಯ ಅಂಚೇ ಸವೆದುಹೋಗುತ್ತದೆ. ಟಾರ್ಕಿನ ಅಂಕಿಯನ್ನು ನಿಮ್ಮ ಮಾದರಿಯ ವರ್ಷದ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಕೆಂಪು ಲಾಕ್‌ಟೈಟ್ ಖಂಡಿತ ಬೇಡ. ಅದನ್ನು ಬಿಡಿಸಲು ಕೊಡುವ ಕಾವಿಗೆ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್ ಹಾಳಾದೀತು.