ಕೂಗಳತೆಯ ಊರು

ಆಪ್ತಸಲಹೆಗೆಂದು ನನ್ನ ಬಳಿ ಬಂದ ದಂಪತಿಯ ಕಥೆ ಇದು. ಗುರುತು ಸಿಗಬಾರದೆಂದು ಇವರ ವಯಸ್ಸು, ಮನೆತನದ ವಿವರ, ಕೆಲವು ಸನ್ನಿವೇಶಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.

ಗಂಡನಿಗೆ 63, ಹೆಂಡತಿಗೆ 58. ಅವರು ನಿವೃತ್ತರಾಗಿ ಒಂದೂವರೆ ವರ್ಷ ಕಳೆದಿತ್ತು. ಕಡಲ ಬದಿಯ ಎರಡು ಹಳ್ಳಿಗಳಲ್ಲಿ ಎರಡು ಮನೆ ನೋಡಿಟ್ಟು, ಎಂಟು ತಿಂಗಳಾದರೂ ಒಂದನ್ನು ಆರಿಸಲಾಗದೆ ಸೋತು ಬಂದಿದ್ದರು. ಮೊದಲನೆಯ ಹಳ್ಳಿ ರಸ್ತೆ ಮುಗಿಯುವಲ್ಲಿದೆ. ಜಗಲಿಯಲ್ಲಿ ಕೂತರೆ ಎದುರಿಗೆ ಮರಳು, ಅಲೆ, ಅಷ್ಟೇ. ಪಕ್ಕದ ಮನೆಯ ಛಾವಣಿಯೂ ಕಾಣದು. ಎರಡನೆಯದು ನದಿ ಕಡಲು ಸೇರುವ ಅಳಿವೆಯ ದಡದಲ್ಲಿ. ನಸುಕಿಗೆ ದೋಣಿಗಳು ಹೊರಡುತ್ತವೆ, ಗೋಡೆಗೆ ಗೋಡೆ ತಾಗುವಂಥ ಓಣಿ, ದಿನಕ್ಕೆ ನಾಲ್ಕು ಬಸ್ಸು, ಒಂದು ಸಣ್ಣ ಆಸ್ಪತ್ರೆ. ಎರಡೂ ಶಾಂತವಾದ ಊರುಗಳೇ. ಒಂದರ ಶಾಂತಿ ಜನ ಇಲ್ಲದ್ದರಿಂದ ಬಂದದ್ದು. ಇನ್ನೊಂದರದು ಜನ ಕೆಲಸಕ್ಕೆ ಹೋಗಿದ್ದರಿಂದ ಬಂದದ್ದು, ಸಂಜೆಯಾದರೆ ಊರು ಮತ್ತೆ ತುಂಬಿಕೊಳ್ಳುತ್ತದೆ.

ಗಂಡನಿಗೆ ಮೊದಲನೆಯದೇ ಬೇಕು. ಹೆಂಡತಿಯನ್ನು ಕೇಳಿದರೆ, "ಇವರಿಗೆ ಎಲ್ಲಿ ನೆಮ್ಮದಿಯೋ ನನಗೂ ಅಲ್ಲೇ" ಎನ್ನುತ್ತಿದ್ದರು. ಆದರೆ ಮುಂಗಡ ಕೊಡುವ ದಿನ ಬಂದಾಗಲೆಲ್ಲ ಆಕೆಗೆ ಹೊಟ್ಟೆನೋವು, ನಿದ್ದೆಗೇಡು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಹಾಳೆಯಲ್ಲಿ ಎರಡು ಊರಿನ ಹೆಸರು ಬರೆದು, ಅನುಕೂಲ ಅನನುಕೂಲಗಳನ್ನು ಕೂಡಿ ತುಂಬಿಸಿ ಎಂದೆ. ಅವರು ಹೇಳುತ್ತ ಹೋದರು, ಆಕೆ ಬರೆಯುತ್ತ ಹೋದರು. ಹಾಳೆ ತುಂಬಿತು. ಬರವಣಿಗೆ ಪೂರ್ತಿ ಆಕೆಯದು, ಮಾತು ಒಂದೂ ಆಕೆಯದಲ್ಲ. ನಾನೇ ಇನ್ನೊಮ್ಮೆ ಆಕೆಯನ್ನು ಗುಮಾಸ್ತೆಯ ಕುರ್ಚಿಯಲ್ಲಿ ಕೂರಿಸಿದ್ದೆ.

ಆ ಭೇಟಿಯಲ್ಲೇ ಇನ್ನೊಂದನ್ನು ಗಮನಿಸಿದೆ. ಹೆಂಡತಿ ಏನೇ ಹೇಳಿದರೂ ಅವರು ಆಕೆಯ ತುಟಿ ನೋಡುತ್ತಿದ್ದರು. ಆಕೆ ತಲೆ ತಗ್ಗಿಸಿ ಮಾತಾಡಿದರೆ "ಹೌದು ಹೌದು" ಎಂದುಬಿಡುತ್ತಿದ್ದರು, ಹೌದೆನ್ನುವಂಥದ್ದೇನೂ ಅಲ್ಲಿರದಿದ್ದರೂ. ಬೇರೆಯಾಗಿ ಕೂತು ಮಾತಾಡಿದಾಗ, ಆ ಒಂಟಿ ಮನೆಯಲ್ಲಿ ಅಷ್ಟು ಹಿಡಿಸಿದ್ದೇನು ಎಂದು ಕೇಳಿದೆ. "ಅಲ್ಲಿ ಯಾರೂ ಬಂದು ಮಾತಾಡಿಸುವುದಿಲ್ಲ. ನಾಲ್ಕು ಜನ ಸೇರಿದರೆ ನನಗೆ ತಲೆ ಸಿಡಿಯುತ್ತದೆ" ಎಂದರು. ಯಾವಾಗಿನಿಂದ ಹೀಗೆ ಎಂದರೆ, ಮೂರು ನಾಲ್ಕು ವರ್ಷದಿಂದ. ಅದಕ್ಕೂ ಮೊದಲು ಕಚೇರಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದವರು ಇವರೇ.

ವಯಸ್ಸಿನೊಡನೆ ಬರುವ ಕಿವುಡು ಸಾಮಾನ್ಯವಾಗಿ ಮೊದಲು ಎತ್ತರದ ಕಂಪನಾಂಕದ, ಅಂದರೆ ಕೀಚು, ಧ್ವನಿಗಳನ್ನು ಕಸಿಯುತ್ತದೆ. ಸ್ವರಗಳು ಕಿವಿಗೆ ಬೀಳುತ್ತವೆ, ಸ, ಶದಂಥ ವ್ಯಂಜನಗಳು ಜಾರಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಬಿಟ್ಟುಹೋದ ಅಕ್ಷರಗಳನ್ನು ಊಹಿಸಿ ತುಂಬುವುದರಲ್ಲೇ ಮನಸ್ಸು ದಣಿಯುತ್ತದೆ. ಹಿಂದೆ ಸದ್ದಿದ್ದರಂತೂ ಕಷ್ಟ ಇಮ್ಮಡಿ. ಅಲೆಯ ಮೊರೆತವೂ ಸದ್ದೇ, ಅದೂ ಹಗಲು ರಾತ್ರಿ ಬಿಡುವಿಲ್ಲದ್ದು. ಅವರು ನೆಮ್ಮದಿ ಎಂದು ಕರೆಯುತ್ತಿದ್ದದ್ದರಲ್ಲಿ ಎಷ್ಟು ಕಡಲಿನ ಪ್ರೀತಿ, ಎಷ್ಟು ಕಿವಿಯ ದಣಿವು ಎಂಬುದು ತಿಳಿಯದೆ ಊರು ಆರಿಸುವುದು ಸರಿಯಲ್ಲವೆಂದು ನನಗೆ ಖಚಿತವಾಯಿತು.

ಹೆಂಡತಿಯ ಜೊತೆಗಿನ ಪ್ರತ್ಯೇಕ ಭೇಟಿ ಅರ್ಧ ತಾಸು ಮೌನದಲ್ಲೇ ಹೋಯಿತು. ಗಂಡನ ವರ್ಗಾವಣೆಗಳ ಹಿಂದೆ ಆಕೆ ಏಳು ಮನೆ ಬದಲಿಸಿದ್ದರು. ಒಂದನ್ನೂ ಆಕೆ ಆರಿಸಿರಲಿಲ್ಲ. ಕೊನೆಗೆ ಹೇಳಿದರು: "ರಾತ್ರಿ ಇವರಿಗೆ ಏನಾದರೂ ಆದರೆ ನಾನು ಯಾರನ್ನು ಕೂಗಲಿ? ನನಗೆ ಕಾರು ಓಡಿಸಲು ಬರುವುದಿಲ್ಲ. ನನಗೇ ಏನಾದರೂ ಆದರೆ, ಕೂಗಿದ್ದು ಇವರಿಗೆ ಕೇಳಿಸುತ್ತದೆಯೆ?"

ಈ ಮಾತನ್ನು ಭೀತಿ ಎಂದು ತಳ್ಳಿಹಾಕುವುದು ಅನ್ಯಾಯ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆದರೆ, ಹೆಪ್ಪು ಕರಗಿಸುವ ಔಷಧಿಯನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡುವುದು ರೂಢಿ, ಬೇಗನಾದಷ್ಟೂ ಒಳ್ಳೆಯದು. ಯಾರಾದರೂ ನೋಡುವುದು, ವಾಹನ ಸಿಗುವುದು, ದಾರಿ, ತಪಾಸಣೆ, ಎಲ್ಲವೂ ಅದರೊಳಗೇ ಆಗಬೇಕು. ಆಕೆಯ ಲೆಕ್ಕ ಸರಿಯಾಗಿಯೇ ಇತ್ತು.

ಮೂರನೆಯ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿ ನಾನು ಕೊಟ್ಟ ಸಲಹೆ ಇದು. ಮೂರು ತಿಂಗಳು ಮನೆ ಕೊಳ್ಳುವ ಮಾತೇ ಬೇಡ. ಮೊದಲು ಶ್ರವಣತಜ್ಞರ ಬಳಿ ಹೋಗಿ. ಕಿವಿಯ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಅಲ್ಲಿಗೆ ಕಳಿಸುವುದು ನನ್ನ ಕೆಲಸ. ಅವರು ಮುಖ ಬಿಗಿದರು. ಮಧ್ಯವಯಸ್ಸಿನ ಕಿವುಡನ್ನು ಹಾಗೇ ಬಿಟ್ಟರೆ ಮುಂದೆ ಮರೆಗುಳಿತನದ ಅಪಾಯ ಹೆಚ್ಚುವುದನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರ ವರದಿಯಲ್ಲೂ 2024ರದರಲ್ಲೂ ಗುರುತಿಸಿದೆ ಎಂದು ವಿವರಿಸಿದಾಗ, ಹೆದರಿ ಅಲ್ಲ, ಯೋಚಿಸಿ ಒಪ್ಪಿದರು. ಆಕೆ ಕಣ್ಣೊರೆಸಿಕೊಂಡರು.

ಆಮೇಲೆ ಎರಡೂ ಊರಿನಲ್ಲಿ ಎರಡೆರಡು ವಾರ ಬಾಡಿಗೆಗೆ ಇರಿ, ಅದೂ ಮಳೆ ಹೊಯ್ಯುವ, ಕಡಲು ಕೆರಳಿರುವ ಕಾಲದಲ್ಲಿ ಎಂದೆ. ಇವರು ಎರಡೂ ಊರನ್ನು ಕಂಡದ್ದು ತಿಳಿಬಿಸಿಲಿನ ದಿನಗಳಲ್ಲಿ. 1998ರಲ್ಲಿ ಶ್ಕೇಡ್ ಮತ್ತು ಕಾಹ್ನೆಮನ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ಮತ್ತು ಅಮೆರಿಕದ ಮಧ್ಯಭಾಗದ ವಿದ್ಯಾರ್ಥಿಗಳನ್ನು ಕೇಳಿದ್ದರು. ಕ್ಯಾಲಿಫೋರ್ನಿಯಾದವರು ಹೆಚ್ಚು ಸುಖವಾಗಿರುತ್ತಾರೆಂದು ಎರಡೂ ಕಡೆಯವರು ಊಹಿಸಿದರು, ತಮ್ಮ ಬದುಕಿನ ಬಗೆಗಿನ ತೃಪ್ತಿಯನ್ನು ಹೇಳಿದಾಗ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಊರು ಆರಿಸುವಾಗ ಕಣ್ಣಿಗೆ ಬೀಳುವುದು ಹವೆ, ನೋಟ. ಅಲ್ಲಿ ಬದುಕುವಾಗ ದಿನ ತುಂಬುವುದು ನೀರು, ಔಷಧಿ, ಜೊತೆಗೆ ಕೂರುವವರು.

ನೀರಿನ ಬಗ್ಗೆ ನಾನು ತುಸು ಹೆಚ್ಚೇ ಹೇಳಿದೆ. ಕಡಲ ದಡದ ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕಡಲ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಎಂಬುದು ಅಂದಾಜಿನ ಲೆಕ್ಕ. ಅತಿಯಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಆಪ್ತಸಲಹೆಗೂ ಬಾವಿಗೂ ಏನು ಸಂಬಂಧ ಎನ್ನಬೇಡಿ. ಇಳಿವಯಸ್ಸಿನಲ್ಲಿ ಊರು ಬದಲಿಸಿದವರ ಮನಸ್ತಾಪಗಳು ಇಂಥ ಕಡೆಯೇ ಮೊಳೆಯುವುದನ್ನು ಕಂಡಿದ್ದೇನೆ: ನೀನು ಹೇಳಿದೆ ಅಂತ ಬಂದೆ, ನೋಡು ನೀರೂ ಉಪ್ಪು.

ಹೆಂಡತಿಗೆ ಒಂದು ಬೇರೆ ಕೆಲಸ ಕೊಟ್ಟೆ. ಎರಡೂ ಊರಿನಲ್ಲಿ ಒಂದೊಂದು ದಿನ ಗಂಡನ ನೆರವಿಲ್ಲದೆ ಆಸ್ಪತ್ರೆಯವರೆಗೆ ಹೋಗಿ ಬರಬೇಕು. ತನಗೆ ಬೇಕಾದದ್ದನ್ನು ಸ್ವಂತ ವಹಿಯಲ್ಲಿ ಬರೆಯಬೇಕು. ಗಂಡ ಅದನ್ನು ಓದಿ, ಮರುದಿನದ ತನಕ ಉತ್ತರ ಕೊಡಬಾರದು. ಈ ಕೊನೆಯ ಷರತ್ತು ಅವರಿಗೆ ಕಿವಿಯ ಪರೀಕ್ಷೆಗಿಂತ ಕಷ್ಟವಾಯಿತಂತೆ.

ಐದು ತಿಂಗಳ ನಂತರ ಬಂದರು. ಅವರ ಎರಡೂ ಕಿವಿಗೆ ಯಂತ್ರ ಬಂದಿತ್ತು. ಮೊದಲ ಹಳ್ಳಿಯಲ್ಲಿ ಗಾಳಿ ಆ ಯಂತ್ರಕ್ಕೆ ನುಗ್ಗಿ ಕಿವಿಯೊಳಗೆ ಬಟ್ಟೆ ಹರಿದಂತಾಗುತ್ತಿತ್ತು. ಬೈಕೊಂಡೇ ಹತ್ತು ದಿನ ಕಳೆದರು. ಆಕೆ ಆಸ್ಪತ್ರೆಗೆ ಹೊರಟವರು ವಾಹನ ಸಿಗದೆ ಮುಕ್ಕಾಲು ದಾರಿ ನಡೆದು ಹಿಂತಿರುಗಿದ್ದರು. ಅಳಿವೆಯ ಊರೂ ಸುಖದ ತೊಟ್ಟಿಲಾಗಿರಲಿಲ್ಲ. ನಸುಕಿನ ಎಂಜಿನ್ ಸದ್ದು, ಮೀನಿನ ವಾಸನೆ, ಯಾವಾಗೆಂದರೆ ಆವಾಗ ಬಾಗಿಲು ತಟ್ಟುವ ನೆರೆಯವರು. ಆದರೂ ಅಲ್ಲೊಂದು ಸಂಜೆ ಪಕ್ಕದ ಮನೆಯ ವೃದ್ಧರೊಬ್ಬರ ಜೊತೆ ಅವರು ಎರಡು ತಾಸು ಹರಟಿದರೆಂದು ಆಕೆ ಹೇಳುವಾಗ, ಅದೇ ಸುದ್ದಿಯನ್ನು ಹೇಳಲೆಂದೇ ಬಂದವರಂತೆ ಕಂಡರು.

ಅಳಿವೆಯ ಊರಿನಲ್ಲೇ, ದೋಣಿ ನಿಲ್ಲುವಲ್ಲಿಂದ ಎರಡು ಓಣಿ ಹಿಂದೆ, ಒಂದು ವರ್ಷಕ್ಕೆ ಬಾಡಿಗೆ ಹಿಡಿದಿದ್ದಾರೆ. ಕೊಳ್ಳುವುದು ಆಮೇಲೆ. ಆ ಒಂಟಿ ಮನೆಯ ಹಂಬಲ ಅವರಿಗೆ ಪೂರ್ತಿ ಹೋಗಿಲ್ಲ, ಹೋಗಬೇಕೆಂದೂ ನಾನು ಹೇಳಲಿಲ್ಲ. ಸಂಜೆ ಮರಳದಂಡೆಗೆ ಒಬ್ಬರೇ ಹೋಗಿ, ಕಿವಿಯ ಯಂತ್ರಗಳನ್ನು ತೆಗೆದು ಜೇಬಿಗಿಟ್ಟು, ಕತ್ತಲಾಗುವವರೆಗೆ ಕೂತಿರುತ್ತಾರೆ. ಆ ಒಂದು ತಾಸು ಆಕೆ ಅವರನ್ನು ಕರೆಯುವುದಿಲ್ಲ.